ಓದುವವರಿಲ್ಲದ ಜಮಾಖರ್ಚು

ಸೋಲಾಪುರದಿಂದ ವಿಜಯಪುರದ ಕಡೆಗೆ ಸಾಗುವ ಹೆದ್ದಾರಿ ಮಂದ್ರೂಪವನ್ನು ದಾಟಿ ಟಾಕಳಿಯ ಬಳಿ ಭೀಮೆಯನ್ನು ಮುಟ್ಟುತ್ತದೆ. ಉಜನಿ ಅಣೆಕಟ್ಟಿನಿಂದ ನದಿಗೆ ಬಿಟ್ಟ ನೀರು ಔಜ, ಚಿಂಚಪುರಗಳ ಬಂಧಾರಗಳಲ್ಲಿ ನಿಲ್ಲುತ್ತದೆ. ಟಾಕಳಿಯ ಪಂಪುಗಳು ಅದನ್ನು ಎತ್ತಿ ಸೋಲಾಪುರ ನಗರಕ್ಕೆ ಕಳಿಸುತ್ತವೆ. ಮಂದ್ರೂಪದ ರೈತನಿಗೆ ಈ ಬಂಧಾರ ಗೊತ್ತು, ಬೇಸಗೆಯಲ್ಲಿ ನದಿಯ ಪಾತ್ರ ಬತ್ತುವುದೂ ಗೊತ್ತು. ಆ ನೀರನ್ನು ಎತ್ತಲು ನಗರಕ್ಕೆ ಎಷ್ಟು ಖರ್ಚು, ನೀರುಪಟ್ಟಿಯಿಂದ ಮರಳಿ ಬರುವುದೆಷ್ಟು ಎಂಬುದು ಮಾತ್ರ ಗೊತ್ತಿಲ್ಲ. ನಾಲ್ಕೈದು ದಿನಕ್ಕೊಮ್ಮೆ ನಲ್ಲಿಯ ನೀರು ಕಾಣುತ್ತ ಬಂದ ನಗರವಾಸಿಗೂ ಅದು ಗೊತ್ತಿಲ್ಲ.

ಲೆಕ್ಕವೇ ಇಲ್ಲವೆಂದಲ್ಲ. ಸೋಲಾಪುರದ ನಗರಪಾಲಿಕೆ 1852ರಷ್ಟು ಹಳೆಯದು; 1964ರ ಮೇ 1ರಂದು ಅದು ಮಹಾನಗರಪಾಲಿಕೆಯಾಯಿತು. 1949ರ ಕಾಯಿದೆಯ ಪ್ರಕಾರ ಆಯುಕ್ತರು ಮುಂದಿನ ವರ್ಷದ ಅಂದಾಜುಪತ್ರಿಕೆಯನ್ನು ಸಿದ್ಧಪಡಿಸಿ ಸ್ಥಾಯಿ ಸಮಿತಿಯ ಮುಂದಿಡಬೇಕು. ಸಮಿತಿ ತಿದ್ದಿದ ಮೇಲೆ ಅದು ಸರ್ವಸಾಧಾರಣ ಸಭೆಗೆ ಹೋಗಬೇಕು. ಆಯುಕ್ತರು ಕೇಳುವವರು, ಸಭೆ ಕೊಡುವುದು. ಈ ಎರಡು ಸ್ಥಾನಗಳು ಬೇರೆಬೇರೆಯಾಗಿರುವುದರಲ್ಲಿಯೇ ಕಾಯಿದೆಯ ವಿವೇಕವಿದೆ. 2022ರ ಮಾರ್ಚ್‌ನಲ್ಲಿ ಚುನಾಯಿತ ಸಭೆಯ ಅವಧಿ ಮುಗಿದು, ಮೂರು ವರ್ಷಕ್ಕೂ ಮಿಕ್ಕಿ ಚುನಾವಣೆ ನಡೆಯದೆ, ಆಡಳಿತವು ಪ್ರಶಾಸಕರ ಕೈಗೆ ಹೋದಾಗ ಈ ಎರಡು ಸ್ಥಾನಗಳೂ ಒಂದೇ ಕುರ್ಚಿಯಲ್ಲಿ ಕೂಡಿದವು. ಕೇಳಿದವರೇ ಕೊಟ್ಟರು. ಅಂಕಿಗಳಲ್ಲಿ ತಪ್ಪಿರಲೇಬೇಕೆಂದಿಲ್ಲ, ಆದರೆ ಅವುಗಳನ್ನು ಪ್ರಶ್ನಿಸುವ ಬಾಯಿ ಇರಲಿಲ್ಲ.

ಅಂದಾಜುಪತ್ರಿಕೆಯನ್ನು ಓದುವ ಬಗೆಯೊಂದಿದೆ. ಹೋದ ವರ್ಷ ನಿಜವಾಗಿ ಜಮೆಯಾದದ್ದು, ಈ ವರ್ಷದ ತಿದ್ದಿದ ಅಂದಾಜು, ಮುಂದಿನ ವರ್ಷದ ಹೊಸ ಅಂದಾಜು ಎಂಬ ಮೂರು ಅಂಕಣಗಳನ್ನು ಒಟ್ಟಿಗೆ ನೋಡಬೇಕು. ಪತ್ರಿಕೆಗಳ ತಲೆಬರಹಕ್ಕೆ ಬರುವುದು ಮೂರನೆಯದು, ಏಕೆಂದರೆ ಅದೇ ದೊಡ್ಡದು. ಹಲವು ನಗರಗಳಲ್ಲಿ ಸದಸ್ಯರ ಬೇಡಿಕೆಗಳಿಗೆ ಎಡೆಮಾಡಲು ಆದಾಯದ ಬದಿಯನ್ನು ಉಬ್ಬಿಸುವ ವಾಡಿಕೆ ಇದೆ. ವಸೂಲಾಗುವ ನಂಬಿಕೆಯಿಲ್ಲದ ಮನೆಪಟ್ಟಿಯ ಬಾಕಿಯೂ ಬರಲಿರುವ ಹಣವೆಂದು ಅಲ್ಲಿ ಕೂತುಬಿಡುತ್ತದೆ. ಮೊದಲ ಅಂಕಣ ಬಡವನ ಅಂಗಿಯಂತೆ ಇದ್ದುದನ್ನು ಇದ್ದ ಹಾಗೆ ತೋರಿಸುತ್ತದೆ. ಅದನ್ನು ನೋಡುವವರು ಕಡಿಮೆ.

ಹಣದ ದಾರಿಯೂ ಬದಲಾಗಿದೆ. ಜಕಾತಿ ಇದ್ದ ಕಾಲದಲ್ಲಿ ನಗರದ ಬೊಕ್ಕಸ ನಾಕೆಯಲ್ಲಿ ತುಂಬುತ್ತಿತ್ತು. ಹೊರಗಿನಿಂದ ಬಂದ ಸರಕಿನ ಬೆಲೆಯಲ್ಲಿ ಜಕಾತಿ ಅಡಗಿರುತ್ತಿದ್ದುದರಿಂದ, ಸೋಲಾಪುರದ ಪೇಟೆಯಲ್ಲಿ ಪಾತ್ರೆ ಕೊಂಡ ಮಂದ್ರೂಪದ ಹೆಣ್ಣುಮಗಳೂ, ಅಲ್ಲಿ ಮತವಿಲ್ಲದಿದ್ದರೂ, ಆ ನಗರಕ್ಕೆ ಕರ ಕೊಟ್ಟವಳೇ. ಜಕಾತಿಯ ಜಾಗಕ್ಕೆ ಸ್ಥಾನಿಕ ಸಂಸ್ಥಾ ಕರ ಬಂತು. 2015ರ ಆಗಸ್ಟ್‌ನಿಂದ ಬಹುಪಾಲು ವ್ಯಾಪಾರಿಗಳಿಗೆ ಅದೂ ತಪ್ಪಿತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯ ಸರ್ಕಾರದ ನಷ್ಟಭರ್ತಿಯೇ ಪಾಲಿಕೆಗಳ ದೊಡ್ಡ ಆಧಾರವಾಯಿತು. ಹಣ ಮುಂಬಯಿಯಿಂದ ಬಂದರೆ ಉತ್ತರದಾಯಿತ್ವವೂ ಮುಂಬಯಿಯ ಕಡೆಗೇ ಮುಖ ಮಾಡುತ್ತದೆ.

ಇನ್ನೊಂದು ತೊಡಕೂ ಇದೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಮೊದಲ 20 ನಗರಗಳಲ್ಲಿ ಸೋಲಾಪುರವೂ ಒಂದು. ಆ ಕೆಲಸಗಳಿಗಾಗಿ ಸೋಲಾಪುರ ಸಿಟಿ ಡೆವಲಪ್‌ಮೆಂಟ್ ಕಾರ್ಪೊರೇಷನ್ ಲಿಮಿಟೆಡ್ ಎಂಬ ಕಂಪನಿ ಹುಟ್ಟಿತು. ಕಂಪನಿಗೆ ತನ್ನದೇ ಆಡಳಿತ ಮಂಡಳಿ, ತನ್ನದೇ ಲೆಕ್ಕಪತ್ರ. ರಸ್ತೆ ಒಂದೇ, ಅದರ ಖರ್ಚನ್ನು ಹುಡುಕುವವನು ಎರಡು ಪುಸ್ತಕಗಳನ್ನು ತೆರೆಯಬೇಕು.

ಕನ್ನಡವನ್ನು ಐಚ್ಛಿಕವಾಗಿ ಓದುವವರಿಗೆ ಸಾರ್ವಜನಿಕ ಹಣದ ಲೆಕ್ಕ ಅಪರಿಚಿತ ವಿಷಯವೇನಲ್ಲ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳಗಳೆಂಬ ಸುಂಕಗಳ ಹೆಸರು ಬರುತ್ತದೆ. ಯಾವ ಆದಾಯದ ಎಷ್ಟು ಪಾಲು ಯಾವ ದೇವಾಲಯಕ್ಕೆ, ಯಾವ ಕೆರೆಗೆ, ಯಾರ ಸಮಕ್ಷಮದಲ್ಲಿ ಎಂಬುದನ್ನು ಕಲ್ಲಿನಲ್ಲಿ ಕೊರೆದು ಜನ ನಡೆದಾಡುವಲ್ಲಿ ನಿಲ್ಲಿಸುತ್ತಿದ್ದರು. ಇಂದಿನ ಸೋಲಾಪುರ ಜಿಲ್ಲೆಯ ಮಂಗಳವೇಢೆಯಲ್ಲಿ ಕರಣಿಕರಾಗಿದ್ದ ಬಸವಣ್ಣನವರ ಮೇಲೆ ಭಂಡಾರದ ಹಣವನ್ನು ಜಂಗಮರಿಗೆ ವೆಚ್ಚ ಮಾಡಿದರೆಂಬ ದೂರು ಬಂದುದನ್ನೂ, ಬಿಜ್ಜಳನ ಎದುರಿನಲ್ಲಿ ಎಣಿಸಿದಾಗ ಹಣ ಕಡಿಮೆಯಾಗದಿದ್ದುದನ್ನೂ ಬಸವಪುರಾಣದ ಪರಂಪರೆ ಹೇಳುತ್ತದೆ. ಭಕ್ತರು ಅದನ್ನು ಪವಾಡವೆಂದು ಓದುತ್ತಾರೆ. ಎಲ್ಲರೆದುರು ನಡೆದ ಒಂದು ಲೆಕ್ಕ ತಪಾಸಣೆಯೆಂದೂ ಅದನ್ನು ಓದಬಹುದು.

ಮಂದ್ರೂಪದ ಸೀಮೆಯಲ್ಲಿಯೇ, ಭೀಮೆ ಮತ್ತು ಸೀನೆ ಕೂಡುವ ಹತ್ತರಸಂಗ ಕೂಡಲದಲ್ಲಿ, ಶಕ 940ರ, ಅಂದರೆ 1018ರ ಶಾಸನವಿದೆ. ಸೋಲಾಪುರದ ಸಂಶೋಧಕ ಆನಂದ ಕುಂಭಾರರು ಬೆಳಕಿಗೆ ತಂದ ಈ ಬರಹವನ್ನು ಅತ್ಯಂತ ಹಳೆಯ ಮರಾಠಿ ಶಾಸನಗಳಲ್ಲಿ ಒಂದೆಂದು ಎಣಿಸುತ್ತಾರೆ. ಇದನ್ನು ಓದುವವನು ಜಯಶಾಲಿಯಾಗುವನು ಎಂಬುದು ಅದರ ಒಂದು ಸಾಲಿನ ಅರ್ಥ. ಬರೆಯಿಸಿದವನಿಗಲ್ಲ, ಓದುವವನಿಗೆ ಜಯ! ಲೆಕ್ಕ ಬರೆಯುವ ಕಛೇರಿಗಳು ಇಷ್ಟು ಉದಾರವಾಗಿ ಮಾತನಾಡುವುದಿಲ್ಲ.

ಓದುವವರನ್ನು ಕರೆದ ಪ್ರಯೋಗವೊಂದು ಬೆಂಗಳೂರಿನಲ್ಲಿ ನಡೆಯಿತು. 2002ರಲ್ಲಿ ಜನಾಗ್ರಹ ಮೊದಲಾದ ಸಂಸ್ಥೆಗಳು 'ಪ್ರೂಫ್' ಎಂಬ ಹೆಸರಿನಲ್ಲಿ ಮಹಾನಗರ ಪಾಲಿಕೆಯ ಮೂರು ತಿಂಗಳಿಗೊಮ್ಮೆಯ ಜಮಾಖರ್ಚನ್ನು ನಾಗರಿಕರ ಎದುರು ತೆರೆದಿಡುವ ಚಳವಳಿ ಆರಂಭಿಸಿದವು. ಅದಕ್ಕೂ ಮೊದಲೇ ಅಲ್ಲಿ ಹಳೆಯ ನಗದು ಪುಸ್ತಕದ ಜಾಗಕ್ಕೆ ಜೋಡಿ ನಮೂದಿನ ಪದ್ಧತಿಯನ್ನು ತರುವ ಕೆಲಸ ಶುರುವಾಗಿತ್ತು. ನಗದು ಪುಸ್ತಕದಲ್ಲಿ ಕೈಗೆ ಬಂದ ಹಣ, ಕೈಬಿಟ್ಟ ಹಣ ಇಷ್ಟೇ ಕಾಣುತ್ತದೆ. ಗುತ್ತಿಗೆದಾರನಿಗೆ ಕೊಡಬೇಕಾದ ಬಿಲ್ಲು ಮೇಜಿನ ಖಾನೆಯಲ್ಲಿದ್ದರೆ ವರ್ಷಾಂತ್ಯದ ಶಿಲ್ಕು ಸೊಗಸಾಗಿಯೇ ಇರುತ್ತದೆ! ಜೋಡಿ ನಮೂದಿನಲ್ಲಿ ಆ ಬಿಲ್ಲೂ ಸಾಲವಾಗಿ ಹೊರಗೆ ಬರಲೇಬೇಕು.

ಮಂದ್ರೂಪದಲ್ಲಿಯೂ ಒಂದು ಸ್ಥಳೀಯ ಸರ್ಕಾರವಿದೆ. ಗ್ರಾಮಪಂಚಾಯತಿಯ ಕರಪಟ್ಟಿ 'ನಮೂನೆ 8' ಎಂಬ ಹೆಸರಿನಲ್ಲಿ ಮನೆಮನೆಗೂ ಪರಿಚಿತ. ಮನೆಯ ಉತಾರೆ ಬೇಕಾದಾಗ ಎಲ್ಲರೂ ಅದನ್ನು ಕೇಳುತ್ತಾರೆ. ಜಮಾಖರ್ಚು ಗ್ರಾಮಸಭೆಯ ಮುಂದೆ ಬರಬೇಕು. ಕಾಗದ ಮರಾಠಿಯದು, ಕಟ್ಟೆಯ ಮಾತು ಕನ್ನಡದ್ದು. ನಡುವೆ ಅಂಕಿಗಳು ಜಾರಿಹೋಗುತ್ತವೆ. ಎರಡೂ ಭಾಷೆ ಬಲ್ಲ ಮಕ್ಕಳು ಗಡಿಯ ಈ ಊರುಗಳಲ್ಲಿ ಮನೆಗೊಬ್ಬರಿದ್ದಾರೆ. ಮಹಾನಗರಪಾಲಿಕೆಯ ಅಂದಾಜುಪತ್ರಿಕೆಯಾದರೂ ಗುಟ್ಟಿನ ಕಾಗದವಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಕಲಮಿನಂತೆ ಅಂಥದನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕು. ಸೋಲಾಪುರದ ಕಾಲೇಜಿಗೆ ಹೋಗಿಬರುವ ಹುಡುಗನೊಬ್ಬ ಅದರ ನೀರು ಸರಬರಾಜಿನ ಪುಟವನ್ನು ತೆರೆದು, ವಿದ್ಯುತ್ ಬಿಲ್ಲಿನ ಸಾಲಿನಲ್ಲಿ ಮೊದಲ ಅಂಕಣದ ಮೇಲೆ ಬೆರಳಿಟ್ಟು, ಕಟ್ಟೆಯ ಮೇಲಿನ ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳಲು ಅರ್ಧ ಗಂಟೆ ಸಾಕು.