ಇಳಿಯಲು ಕಲಿತ ಸವಾರ

ಬೈಸಿಕಲ್ಲು ಕಲಿಯುವ ಮಗುವಿಗೆ ಹಿರಿಯರು ಹೇಳಿಕೊಡುವ ಮೊದಲ ಪಾಠ, ಬೀಳದಂತೆ ಕುಳಿತಿರುವುದು. ಆ ಮಗು ದೊಡ್ಡವನಾಗಿ, ಏರು ಬಂದಾಗ ಕೆಳಗಿಳಿದು ಸೈಕಲ್ಲನ್ನು ತಳ್ಳಿಕೊಂಡು ಹೋದನೆಂದರೆ ದಾರಿಯಲ್ಲಿ ನಿಂತವರು ನಸುನಗುತ್ತಾರೆ. ಇಳಿದವನು ಸೋತವನೆಂಬುದು ಲೋಕದ ತೀರ್ಪು. ಆದರೆ ಇಳಿಯುವುದನ್ನೇ ಒಂದು ವಿದ್ಯೆಯೆಂದು ಅಭ್ಯಾಸ ಮಾಡಿಸುವ ಪಂದ್ಯವೊಂದು ಯೂರೋಪಿನಲ್ಲುಂಟು. ಸೈಕ್ಲೋಕ್ರಾಸ್ ಎಂದು ಅದರ ಹೆಸರು. ಬೆಲ್ಜಿಯಂ ದೇಶದ ಉತ್ತರ ಭಾಗವಾದ ಫ್ಲಾಂಡರ್ಸಿನ ಜನ ತಮ್ಮ ನುಡಿಯಲ್ಲಿ ಅದನ್ನು ‘ಫೆಲ್ಡ್‌ರೈಡನ್’ ಎನ್ನುತ್ತಾರೆ. ಹೊಲದ ಸವಾರಿ ಎಂದು ಅರ್ಥ. ಅಲ್ಲಿಯ ಹದಿನೈದು ವರ್ಷದ ಹುಡುಗನೊಬ್ಬ ೨೦೧೬ರ ಶರತ್ಕಾಲದಲ್ಲಿ ಈ ವಿದ್ಯೆಗೆ ಕೈಹಾಕಿದ.

ಅವನಲ್ಲಿ ಈ ಹುಚ್ಚು ಹುಟ್ಟಿದ್ದು ಹತ್ತನೆಯ ವಯಸ್ಸಿನಲ್ಲಿ. ೨೦೧೨ರ ಜನವರಿ ೨೮ರಂದು ತಂದೆ ಅವನನ್ನು ಕೊಕ್ಸೈಡಕ್ಕೆ ಕರೆದೊಯ್ದಿದ್ದ. ಉತ್ತರ ಸಮುದ್ರದ ದಡದಲ್ಲಿರುವ ಆ ಊರಿನ ಮರಳುದಿಬ್ಬಗಳಲ್ಲಿ ಆ ವರ್ಷ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಅಂದು ಕಿರಿಯರ ಸ್ಪರ್ಧೆ. ಹದಿನೇಳು ತುಂಬಿ ಒಂಬತ್ತೇ ದಿನಗಳಾಗಿದ್ದ ಹಾಲೆಂಡಿನ ಮಥ್ಯೂ ಫಾನ್ ಡೆರ್ ಪೂಲ್ ಗೆದ್ದ. ಬೆಲ್ಜಿಯಂನ ವೌಟ್ ಫಾನ್ ಆರ್ಟ್ ಎರಡನೆಯವನಾದ. ಮುಂದೆ ಇಬ್ಬರೂ ಜಗತ್ಪ್ರಸಿದ್ಧರಾಗುವರೆಂಬುದು ಬೇಲಿಗೆ ಒರಗಿ ನಿಂತಿದ್ದ ಬಾಲಕನಿಗೆ ತಿಳಿದಿರಲಿಲ್ಲ. ಅವನ ಕಣ್ಣನ್ನು ಸೆಳೆದದ್ದು ಬೇರೆಯೇ ಒಂದು ನೋಟ. ಮರಳು ಆಳವಾದೊಡನೆ ಸವಾರರು ಸೈಕಲ್ಲಿನಿಂದ ಹಾರಿ, ಅದನ್ನು ಹೆಗಲಿಗೇರಿಸಿ ದಿಬ್ಬದ ಮೇಲೆ ಓಡುತ್ತಿದ್ದರು.

“ಅಪ್ಪಾ, ಸೈಕಲ್ಲು ಇವರನ್ನು ಹೊರಬೇಕೋ, ಇವರು ಸೈಕಲ್ಲನ್ನು ಹೊರಬೇಕೋ?” ಎಂದು ಬಾಲಕ ಕೇಳಿದ.

“ಎರಡೂ ಉಂಟು,” ಎಂದ ತಂದೆ. “ಯಾವಾಗ ಯಾವುದೆಂದು ಬಲ್ಲವನು ಗೆಲ್ಲುತ್ತಾನೆ.”

ಬಾಲಕ ನಕ್ಕು, ಆ ಮಾತನ್ನು ಅಲ್ಲಿಯೇ ಮರೆತ.

ಈ ಪಂದ್ಯ ಇಂದು ನಿನ್ನೆಯದಲ್ಲ. ಡೇನಿಯಲ್ ಗೂಸೋ ಎಂಬ ಸೈನಿಕನ ಉತ್ಸಾಹದಿಂದ ೧೯೦೨ರಲ್ಲಿಯೇ ಫ್ರಾನ್ಸಿನಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆಯಿತು. ೧೯೧೦ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಆಕ್ಟೇವ್ ಲಪೀಜ್, ತನ್ನ ಗೆಲುವಿಗೆ ಚಳಿಗಾಲದ ಈ ಅಭ್ಯಾಸವೂ ಕಾರಣವೆಂದ ಮೇಲೆ ಇದರ ಕೀರ್ತಿ ಹಬ್ಬಿತು. ೧೯೫೦ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಗೆದ್ದವನು ಫ್ರಾನ್ಸಿನ ಜಾನ್ ರೋಬಿಕ್. ಆಮೇಲೆ ಬೆಲ್ಜಿಯಂ ಈ ಪಂದ್ಯವನ್ನು ತನ್ನದಾಗಿಸಿಕೊಂಡಿತು. ಅಲ್ಲಿಯ ಎರಿಕ್ ಡಿ ವ್ಲಾಮಿಂಕ್ ೧೯೬೬ರಿಂದ ೧೯೭೩ರೊಳಗೆ ಏಳು ಸಲ ವಿಶ್ವ ವಿಜೇತನಾದ. ಕೊಕ್ಸೈಡದಲ್ಲಿ ಕಿರಿಯರ ಸ್ಪರ್ಧೆಯ ಮರುದಿನ ನಡೆದ ಹಿರಿಯರ ಸ್ಪರ್ಧೆಯಲ್ಲಿ ಮೊದಲ ಏಳು ಸ್ಥಾನಗಳೂ ಬೆಲ್ಜಿಯಂನವರಿಗೇ ದಕ್ಕಿದವು.

ಹೊಲ, ಹುಲ್ಲುಗಾವಲು, ಕಾಡುದಾರಿ, ಇಳಿಜಾರುಗಳನ್ನು ಬಳಸಿ ಎರಡೂವರೆಯಿಂದ ಮೂರೂವರೆ ಕಿಲೋಮೀಟರಿನ ಒಂದು ಸುತ್ತನ್ನು ಗುರುತು ಮಾಡುತ್ತಾರೆ. ನಡುವೆ ನಲವತ್ತು ಸೆಂಟಿಮೀಟರಿನವರೆಗೆ ಎತ್ತರವಿರುವ ಹಲಗೆಗಳನ್ನು ಅಡ್ಡ ನಿಲ್ಲಿಸುತ್ತಾರೆ. ಇಷ್ಟು ದೂರವೆಂದು ಮೊದಲೇ ಹೇಳುವುದಿಲ್ಲ. ಇಷ್ಟು ಹೊತ್ತು ಎಂಬುದೇ ಲೆಕ್ಕ. ಹಿರಿಯ ಪುರುಷರಿಗೆ ಸುಮಾರು ಒಂದು ಗಂಟೆ, ಹುಡುಗರಿಗೆ ಅದಕ್ಕಿಂತ ಕಡಿಮೆ. ಮೊದಲ ಸುತ್ತುಗಳಿಗೆ ಹಿಡಿದ ಕಾಲವನ್ನು ನೋಡಿ ಒಟ್ಟು ಎಷ್ಟು ಸುತ್ತೆಂದು ನಿರ್ಣಯಿಸುತ್ತಾರೆ. ಸೆಪ್ಟೆಂಬರಿನಿಂದ ಫೆಬ್ರವರಿಯವರೆಗೆ ಇದರ ಕಾಲ. ಮಳೆ, ಮಂಜು, ಹಿಮ ಯಾವುದಕ್ಕೂ ಪಂದ್ಯ ನಿಲ್ಲುವುದು ಅಪರೂಪ.

ನಮ್ಮ ಹುಡುಗ ಬೇಸಿಗೆಯಲ್ಲಿ ಡಾಂಬರು ರಸ್ತೆಯ ಪಂದ್ಯಗಳಲ್ಲಿ ಹೆಸರು ಮಾಡಿದ್ದವನು. ಬಹುಮಾನವಾಗಿ ಬಂದ ಎರಡು ಲೋಟಗಳು ಮನೆಯ ಕಪಾಟಿನಲ್ಲಿದ್ದವು. ರಸ್ತೆಯಲ್ಲಿ ಗೆದ್ದವನಿಗೆ ಹೊಲವೇನು ಮಹಾ ಎಂಬ ಧೈರ್ಯ ಅವನಿಗೆ. ತಂದೆ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿಯ ಕೆಲಸಗಾರ. ಕೂಡಿಟ್ಟ ಹಣದಲ್ಲಿ ಅವನು ಮಗನಿಗೆ ಈ ಪಂದ್ಯಕ್ಕೆ ತಕ್ಕ ಸೈಕಲ್ಲೊಂದನ್ನು, ಯಾರೋ ಬಳಸಿ ಬಿಟ್ಟದ್ದನ್ನು, ಕೊಂಡು ತಂದ. ನೋಡಲು ರಸ್ತೆಯ ಸೈಕಲ್ಲಿನಂತೆಯೇ; ಆದರೆ ಟೈರು ಕೊಂಚ ಅಗಲ, ಮೈಯೆಲ್ಲ ಗಂಟು. ದೊಡ್ಡ ಪಂದ್ಯಗಳಲ್ಲಿ ಟೈರಿನ ಅಗಲ ೩೩ ಮಿಲಿಮೀಟರು ಮೀರಕೂಡದೆಂದು ಕಟ್ಟಳೆಯುಂಟು. ಅದಕ್ಕೆ ಗಾಳಿಯನ್ನು ಬಿಗಿಯಾಗಿ ತುಂಬುವುದಿಲ್ಲ. ಒತ್ತಿದರೆ ಬೆರಳು ತಗ್ಗುವಷ್ಟು ಮೆತ್ತಗಿದ್ದರೇನೇ ಅದು ಕೆಸರನ್ನು ಕಚ್ಚಿ ಹಿಡಿಯುತ್ತದೆ.

ಮೊದಲ ಪಂದ್ಯದ ದಿನ ಬೆಳಗಿನಿಂದ ಜಡಿಮಳೆ. ಹಳೆಯ ಅಂಕಗಳಿದ್ದವರನ್ನು ಹೆಸರು ಹಿಡಿದು ಕರೆದು ಮುಂದಿನ ಸಾಲಿನಲ್ಲಿ ನಿಲ್ಲಿಸಿದರು. ಹೊಸಬನಿಗೆ ಕಟ್ಟಕಡೆಯ ಸಾಲು. ಸೂಚನೆಯಾದೊಡನೆ ಎಲ್ಲರೂ ಬಾಣದಂತೆ ನುಗ್ಗಿದರು. ದಾರಿ ಕಿರಿದಾಗಿ ಹೊಲಕ್ಕೆ ತಿರುಗುವಲ್ಲಿ ಗುಂಪು ಸಿಕ್ಕಿಕೊಂಡಿತು. ಹಿಂದಿನವರು ಕಾಲೂರಿ ನಿಲ್ಲಬೇಕಾಯಿತು. ಮುಂದಿನವರು ಆ ಹೊತ್ತಿಗೆ ಮರಗಳ ಮರೆಯಾಗಿದ್ದರು. ಹತ್ತು ನಿಮಿಷ ಕಳೆಯುವುದರೊಳಗೆ ಹುಡುಗನ ಸೈಕಲ್ಲಿಗೆ ಕೆಸರೂ ಹುಲ್ಲೂ ಅಂಟಿ, ಚಕ್ರ ಚೌಕಟ್ಟಿಗೆ ತಾಗಿ ತಿರುಗಲೊಲ್ಲದಾಯಿತು.

ಈ ತೊಂದರೆಗೆ ಪಂದ್ಯದಲ್ಲಿಯೇ ಪರಿಹಾರವುಂಟು. ಸುತ್ತಿನಲ್ಲಿ ಸೈಕಲ್ಲು ಬದಲಿಸುವ ಕಟ್ಟೆಯೊಂದಿರುತ್ತದೆ. ಸವಾರ ಕೆಸರಾದ ಸೈಕಲ್ಲನ್ನು ಅಲ್ಲಿ ಕೊಟ್ಟು, ತೊಳೆದಿಟ್ಟ ಇನ್ನೊಂದನ್ನು ಹತ್ತಿ ಹೋಗಬಹುದು. ಅವನು ಮರಳಿ ಬರುವುದರೊಳಗೆ ಅವನ ಕಡೆಯವರು ಮೊದಲನೆಯದನ್ನು ತೊಳೆದು, ಎಣ್ಣೆ ಹಾಕಿ ಸಿದ್ಧಪಡಿಸುತ್ತಾರೆ. ಆದರೆ ಎರಡು ಸೈಕಲ್ಲು ಇದ್ದವರಿಗೆ ಈ ಸೌಕರ್ಯ. ಹುಡುಗನಿಗಿದ್ದದ್ದು ಒಂದೇ. ಕಟ್ಟೆಯಲ್ಲಿ ಬೇರೆಯವರ ತಂದೆಯರು ಬಕೆಟ್ಟು, ಕುಂಚ ಹಿಡಿದು ಅತ್ತಿತ್ತ ಓಡಾಡುತ್ತಿರುವಾಗ, ಅವನ ತಂದೆ ಒಂದು ಕಡ್ಡಿ ಹಿಡಿದು ಬರಿಗೈಯವನಂತೆ ನಿಂತಿದ್ದ. ಮಗ ಬಂದು ನಿಂತಾಗ ಆ ಕಡ್ಡಿಯಿಂದ ಚಕ್ರದ ಸಂದಿಯ ಕೆಸರನ್ನು ಗೀರಿ ತೆಗೆಯುವುದಷ್ಟೇ ಅವನಿಂದಾದ ಸಹಾಯ. ಹುಡುಗ ಕೊನೆಯಿಂದ ಮೂರನೆಯವನಾಗಿ ಮುಗಿಸಿದ.

ಎರಡನೆಯ ಪಂದ್ಯದಲ್ಲಿಯೂ ಹಾಗೆಯೇ ಆಯಿತು. ಮೂರನೆಯದರಲ್ಲಿ ಒಂದು ಕಡಿದಾದ ದಿಬ್ಬ. ಎಲ್ಲರೂ ಅದರ ಬುಡದಲ್ಲಿಯೇ ಇಳಿದು ಓಡಿ ಹತ್ತುತ್ತಿದ್ದರು. ದಿಬ್ಬದ ನೆತ್ತಿಯಲ್ಲಿ ತಂದೆ ನಿಂತಿದ್ದ. ಅವನ ಕಣ್ಣೆದುರಿಗೆ ಇಳಿಯಲು ಹುಡುಗನ ಮನಸ್ಸೊಪ್ಪಲಿಲ್ಲ. ಸುತ್ತು ಸುತ್ತಿಗೂ ಹಲ್ಲು ಕಚ್ಚಿ ಪೆಡಲು ತುಳಿದ. ಸುತ್ತು ಸುತ್ತಿಗೂ ಅರ್ಧ ದಾರಿಯಲ್ಲಿ ಹಿಂದಿನ ಚಕ್ರ ಜಾರಿ ನಿಂತಿತು. ಕೊನೆಯ ಸಲ ಅಡ್ಡ ಬಿದ್ದು, ಹಿಂದೆ ಬರುತ್ತಿದ್ದ ಇಬ್ಬರನ್ನೂ ಬೀಳಿಸಿದ.

ಮನೆಗೆ ಮರಳುವಾಗ ಕಾರಿನಲ್ಲಿ ಬಹಳ ಹೊತ್ತು ಮಾತಿಲ್ಲ. ಕೊನೆಗೆ ಹುಡುಗನೇ, “ಇನ್ನು ಸಾಕಪ್ಪ. ಸೈಕಲ್ಲನ್ನು ಮಾರಿಬಿಡು. ನಿನ್ನ ದುಡ್ಡಾದರೂ ಬರಲಿ,” ಎಂದ.

“ಸೈಕಲ್ಲಿನ ಮಾತು ಆಮೇಲೆ,” ಎಂದ ತಂದೆ. “ಆ ದಿಬ್ಬದಲ್ಲಿ ಏಕೆ ಇಳಿಯಲಿಲ್ಲ?”

“ನೀನು ನೋಡುತ್ತಿದ್ದೆ.”

ತಂದೆ ಕಾರನ್ನು ರಸ್ತೆಯ ಅಂಚಿನಲ್ಲಿ ನಿಲ್ಲಿಸಿದ. ಹಿಂದಿನ ರಾತ್ರಿಯ ಪಾಳಿ ಮುಗಿಸಿ, ನಿದ್ದೆಯಿಲ್ಲದೆ ನೇರವಾಗಿ ಬಂದಿದ್ದವನು. ಅವನ ಕಣ್ಣು ಕೆಂಪಾಗಿತ್ತು.

“ನೀನು ಇಳಿದರೆ ನನಗೆ ನಾಚಿಕೆಯಾಗುತ್ತದೆಂದು ನಿನಗೆ ಯಾರು ಹೇಳಿದರು?” ಎಂದು ಮೆಲ್ಲಗೆ ಕೇಳಿದ. ಹುಡುಗ ಉತ್ತರ ಹೇಳಲಿಲ್ಲ. ಕಿಟಕಿಯ ಗಾಜಿನ ಮೇಲೆ ಮಳೆಹನಿ ಇಳಿಯುವುದನ್ನು ನೋಡುತ್ತ ಕುಳಿತ.

ಮರುದಿನ ಸಂಜೆ ಶಾಲೆಯಿಂದ ಬಂದಾಗ, ಮನೆಯ ಹಿಂದಿನ ಹುಲ್ಲಿನ ಮೇಲೆ ಎರಡು ಹಲಗೆಗಳು ಅಡ್ಡ ನಿಂತಿದ್ದವು. ಹೇಳಿಕೆ ಕೇಳಿಕೆಗಳಿಲ್ಲದೆ ಅಭ್ಯಾಸ ಮೊದಲಾಯಿತು. ಓಟದಲ್ಲಿರುವಾಗಲೇ ಬಲಗಾಲನ್ನು ಸೀಟಿನ ಹಿಂದಿನಿಂದ ಎತ್ತಿ ತರಬೇಕು. ಕ್ಷಣಕಾಲ ಎಡ ಪೆಡಲಿನ ಮೇಲೆ ಒಂಟಿಕಾಲಿನಲ್ಲಿ ತೇಲಬೇಕು. ಹಲಗೆಗೆ ಎರಡು ಹೆಜ್ಜೆ ಇರುವಾಗ ನೆಲಕ್ಕಿಳಿದು, ವೇಗ ಕುಂದದಂತೆ ಓಡಬೇಕು. ಇಳಿಯುವುದು ಯಾವಾಗಲೂ ಎಡಕ್ಕೆ, ಏಕೆಂದರೆ ಚೈನು ಇರುವುದು ಬಲಕ್ಕೆ. ಮರಳಿ ಹತ್ತುವಾಗ ನೆಗೆದು ತೊಡೆಯ ಒಳಮಗ್ಗುಲಿನ ಮೇಲೆ ಕುಳಿತು ಜಾರಿಕೊಳ್ಳಬೇಕು. ಹೆಗಲಿಗೇರಿಸುವುದು ಇನ್ನೊಂದು ಪಾಠ: ಚೌಕಟ್ಟಿನ ಮೇಲಿನ ಕೊಳವೆ ಬಲಹೆಗಲ ಮೇಲೆ ಕೂರಬೇಕು, ಬಲಗೈ ಕೆಳಗಿನ ಕೊಳವೆಯನ್ನು ಬಳಸಿ ಬಂದು ಹ್ಯಾಂಡಲನ್ನು ಹಿಡಿಯಬೇಕು. ಬೇಗ ಇಳಿದರೆ ಓಡುವ ದೂರ ಹೆಚ್ಚುತ್ತದೆ. ತಡವಾಗಿ ಇಳಿದರೆ ವೇಗವೆಲ್ಲ ಸತ್ತಿರುತ್ತದೆ. ಇವೆರಡರ ನಡುವಿನ ಒಂದು ಕ್ಷಣವನ್ನು ಕಂಡುಕೊಳ್ಳಲು ಹುಡುಗನಿಗೆ ಆರು ವಾರ ಹಿಡಿಯಿತು. ಮೊಣಕಾಲಿನ ಸಿಪ್ಪೆ ಎಷ್ಟು ಸಲ ಹೋಯಿತೋ ಲೆಕ್ಕವಿಲ್ಲ. ಹತ್ತನೆಯ ವಯಸ್ಸಿನಲ್ಲಿ ಮರೆತ ತಂದೆಯ ಮಾತು ಆಗ ನೆನಪಾಯಿತು.

ಡಿಸೆಂಬರಿನಿಂದ ಅವನ ಸ್ಥಾನ ಮೆಲ್ಲಮೆಲ್ಲನೆ ಮೇಲಕ್ಕೆ ಬಂತು. ಇತರರು ಕೆಸರಿನಲ್ಲಿ ಪೆಡಲು ತುಳಿದು ತಿಣುಕುವಾಗ ಅವನು ಒಂದು ಗಳಿಗೆ ಮೊದಲೇ ಇಳಿದು, ಅವರನ್ನು ದಾಟಿ ಓಡಿರುತ್ತಿದ್ದ. ಗೆಲುವು ಇನ್ನೂ ಬಹು ದೂರವಿತ್ತು. ಆದರೆ ಕೊನೆಯ ಸಾಲಿನ ಭಯ ಹೋಗಿತ್ತು.

೨೦೧೭ರ ಜನವರಿಯ ಕೊನೆಯ ಭಾನುವಾರ, ಲಕ್ಸೆಂಬರ್ಗಿನ ಬೀಲ್ಸ್ ಎಂಬಲ್ಲಿ ವಿಶ್ವ ಚಾಂಪಿಯನ್‌ಷಿಪ್. ತಂದೆ ಮಗ ಮನೆಯಲ್ಲಿ ಕುಳಿತು ಟೆಲಿವಿಷನ್ನಿನಲ್ಲಿ ನೋಡಿದರು. ಕೊಕ್ಸೈಡದಲ್ಲಿ ಕಂಡಿದ್ದ ಆ ಇಬ್ಬರು ಹುಡುಗರೇ ಈಗ ಹಿರಿಯರ ಸಾಲಿನಲ್ಲಿ ಎದುರಾಳಿಗಳು. ಬಿರುಸಾದ ಕಲ್ಲುನೆಲದಲ್ಲಿ ಫಾನ್ ಡೆರ್ ಪೂಲನ ಟೈರು ಒಂದಲ್ಲ, ಹಲವು ಬಾರಿ ಪಂಕ್ಚರಾಯಿತು. ಫಾನ್ ಆರ್ಟ್ ಗೆದ್ದ. ಎರಡನೆಯವನಾಗಿ ಬಂದ ಫಾನ್ ಡೆರ್ ಪೂಲ್ ಕಣ್ಣೀರಿಟ್ಟ. ಅವನಿಗೆ ಬದಲಿ ಸೈಕಲ್ಲುಗಳಿದ್ದವು. ಕಟ್ಟೆಯಲ್ಲಿ ನುರಿತ ಕೆಲಸಗಾರರಿದ್ದರು. ಆದರೂ ಕಲ್ಲು ಅವನನ್ನು ಬಿಡಲಿಲ್ಲ. ಹುಡುಗ ತಂದೆಯ ಕಡೆಗೆ ನೋಡಿದ. ಇನ್ನೊಂದು ಸೈಕಲ್ಲು ಕೊಡಿಸಲಾರದ ಸಂಕಟ ಆ ಮುಖದಲ್ಲಿ ಎಷ್ಟು ತಿಂಗಳಿಂದ ಇತ್ತೆಂಬುದು ಅವನಿಗೆ ಮೊದಲ ಬಾರಿಗೆ ಹೊಳೆಯಿತು.

ಫೆಬ್ರವರಿಯಲ್ಲಿ ಋತುವಿನ ಕೊನೆಯ ಪಂದ್ಯ. ಹುಡುಗ ಹನ್ನೊಂದನೆಯ ಸ್ಥಾನದಲ್ಲಿದ್ದ. ಕೊನೆಯ ಸುತ್ತಿನ ಗಂಟೆ ಬಾರಿಸಿದ ಸ್ವಲ್ಪ ಹೊತ್ತಿನಲ್ಲಿಯೇ ಹುಲ್ಲು ಸುತ್ತಿಕೊಂಡು ಗೇರು ಮುರಿದು, ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಂಡಿತು. ಸೈಕಲ್ಲನ್ನು ಇನ್ನು ತಳ್ಳುವಂತೆಯೂ ಇಲ್ಲ. ಓಡಿಯೇ ಮುಗಿಸಿದರೂ ಪಂದ್ಯ ಮುಗಿಸಿದಂತೆಯೇ. ಆದರೆ ಸೈಕಲ್ಲು ಜೊತೆಯಲ್ಲಿರಬೇಕು. ಅವನು ಕಟ್ಟೆಯ ಬಳಿಗೆ ಬಂದಾಗ ತಂದೆ ಕಡ್ಡಿ ಹಿಡಿದು ನಿಂತಿದ್ದ. ಗೇರನ್ನು ನೋಡಿದೊಡನೆ ಅವನ ಕೈ ಕೆಳಗಿಳಿಯಿತು. ಆದರೆ ಹುಡುಗ ನಿಲ್ಲಲಿಲ್ಲ. ಸೈಕಲ್ಲು ಆಗಲೇ ಅವನ ಹೆಗಲ ಮೇಲಿತ್ತು.

“ಬರುತ್ತೇನಪ್ಪ,” ಎಂದು ಹೇಳಿ ಓಡಿದ.

ಒಬ್ಬೊಬ್ಬರಾಗಿ ಎಲ್ಲರೂ ಅವನನ್ನು ದಾಟಿದರು. ಮೊದಲಿಗನು ಗೆದ್ದು ಬಟ್ಟೆ ಬದಲಿಸುವ ಹೊತ್ತಿಗೆ ಇವನಿನ್ನೂ ಕೊನೆಯ ದಿಬ್ಬದಲ್ಲಿದ್ದ. ಹುರಿದ ಆಲೂಗಡ್ಡೆಯ ಪೊಟ್ಟಣ ಹಿಡಿದು ಮನೆಗೆ ಹೊರಟಿದ್ದವರು ಬೇಲಿಯ ಬಳಿ ನಿಂತು ಚಪ್ಪಾಳೆ ತಟ್ಟಿದರು. ಹುಡುಗ ಎಲ್ಲರಿಗಿಂತ ಕೊನೆಯವನಾಗಿ ಗುರಿಯ ಗೆರೆ ದಾಟಿದ.

ತಂದೆ ಬಂದು ಅವನ ಹೆಗಲಿನಿಂದ ಸೈಕಲ್ಲನ್ನು ಇಳಿಸಿಕೊಂಡ. ಕೆಸರಿನ ಭಾರ ಸೇರಿ ಅದು ಬಲು ತೂಕವಾಗಿತ್ತು. ಅದನ್ನು ನೆಲದ ಮೇಲಿಡದೆ, ತನ್ನ ಹೆಗಲಿಗೇ ಏರಿಸಿಕೊಂಡು ಕಾರಿನ ಕಡೆಗೆ ನಡೆದ. ಹುಡುಗ ಬರಿಗೈಯಲ್ಲಿ ಅವನ ಹಿಂದೆ ಹೊರಟ.

“ಗೇರಿಗೆ ಎಷ್ಟಾಗುತ್ತದಪ್ಪ?” ಎಂದು ಕೇಳಿದ.

“ಸೆಪ್ಟೆಂಬರು ಇನ್ನೂ ದೂರವಿದೆ,” ಎಂದ ತಂದೆ.