ಕಪಡೋಕಿಯಾದಿಂದ ಒಂದು ಓಲೆ

ಗೋರೆಮೆ, ತುರ್ಕಿ

ತೀರ್ಥರೂಪ ಸಮಾನರಾದ ಅಣ್ಣನವರಿಗೆ,

ಇಂದು ಸೂರ್ಯೋದಯಕ್ಕೆ ಮುನ್ನವೇ ಬಿಸಿಗಾಳಿಯ ಬೆಲೂನನ್ನೇರಿ, ಕಪಡೋಕಿಯಾ ಎಂಬ ಈ ಸೀಮೆಯ ಶಿಲಾಕಣಿವೆಗಳ ಮೇಲೆ ಸಂಚರಿಸಿ ಬಂದೆನು. ಈ ವಾಹನಕ್ಕೆ ಚುಕ್ಕಾಣಿಯೆಂಬುದೇ ಇಲ್ಲ. ಪ್ರೊಪೇನ್ ಜ್ವಾಲೆಯಿಂದ ಒಳಗಿನ ಗಾಳಿಯನ್ನು ಕಾಯಿಸಿದರೆ ಏರುವುದು, ನೆತ್ತಿಯ ಕಿಂಡಿಯನ್ನು ತೆರೆದರೆ ಇಳಿಯುವುದು. ಇವೆರಡನ್ನುಳಿದು ಚಾಲಕನಿಗೆ ಬೇರೆ ಅಧಿಕಾರವಿಲ್ಲ. ಆದರೆ ಒಂದೊಂದು ಎತ್ತರದಲ್ಲಿ ಗಾಳಿಯು ಒಂದೊಂದು ದಿಕ್ಕಿಗೆ ಬೀಸುವುದರಿಂದ, ತನಗೆ ಬೇಕಾದ ಗಾಳಿಯನ್ನು ಅರಸಿ ಏರಿಳಿಯುವುದೇ ಅವನ ವಿದ್ಯೆ. ಬಿಸಿಲಿಗೆ ನೆಲ ಕಾದರೆ ವಾಯುಪ್ರವಾಹಗಳು ಕದಡುವುವಾದ್ದರಿಂದ ಮುಂಜಾನೆಯಲ್ಲಿಯೇ ಹಾರಾಟ ಮುಗಿಯಬೇಕು.

ಪೂರ್ವದಲ್ಲಿ ಹಿಮಾಚ್ಛಾದಿತವಾದ ಎರ್ಜಿಯೆಸ್ ಪರ್ವತ ಕಂಡಿತು. 3917 ಮೀಟರ್, ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟಕ್ಕಿಂತ ಎರಡು ಪಟ್ಟಿಗೂ ಮಿಗಿಲು. ಲಕ್ಷಾಂತರ ವರ್ಷಗಳ ಹಿಂದೆ ಈ ಸೀಮೆಯ ಜ್ವಾಲಾಮುಖಿಗಳು ಉಗುಳಿದ ಬೂದಿಯೇ ಹೆಪ್ಪುಗಟ್ಟಿ ಮೃದುಶಿಲೆಯಾಗಿ, ಮಳೆಗಾಳಿಗಳು ಕೊರೆದ ಮೇಲೆ, ನೆತ್ತಿಯಲ್ಲಿ ಗಟ್ಟಿಕಲ್ಲಿನ ರಕ್ಷೆಯಿದ್ದಲ್ಲಿ ಸ್ತಂಭಗಳಾಗಿ ಉಳಿದಿದೆ. ಎತ್ತರದಿಂದ ಅದೊಂದು ನಿರ್ಜನ ಶಿಲಾರಣ್ಯವೆಂದೇ ತೋರಿತು. ಚಾಲಕನು ಬುಟ್ಟಿಯನ್ನು ಕಣಿವೆಯೊಳಕ್ಕೆ ಇಳಿಸಿ ಬಂಡೆಗಳ ಮಗ್ಗುಲಲ್ಲಿ ತೇಲಿಸಿದಾಗಲಾದರೋ ಬಾಗಿಲುಗಳು, ಮೆಟ್ಟಿಲುಗಳು, ಹೊಗೆ ಹಿಡಿದ ಒಳಮಾಳಿಗೆಗಳು ಒಂದೊಂದಾಗಿ ಕಾಣತೊಡಗಿದವು. ಕೆಲವು ಗುಹೆಗಳು ಹತ್ತರಿಂದ ಹನ್ನೆರಡನೆಯ ಶತಮಾನದವರೆಗಿನ ಭಿತ್ತಿಚಿತ್ರಗಳುಳ್ಳ ಇಗರ್ಜಿಗಳು. 1985ರಿಂದ ಇವು ವಿಶ್ವಪರಂಪರೆಯ ತಾಣಗಳ ಪಟ್ಟಿಯಲ್ಲಿವೆ. ತೋಟಗಾರರಾದ ತಮಗೆ ರುಚಿಸುವ ಸಂಗತಿಯೊಂದುಂಟು: ಬಂಡೆಗಳಲ್ಲಿ ಸಾಲುಸಾಲಾಗಿ ಪಾರಿವಾಳದ ಗೂಡುಗಳನ್ನು ಕೊರೆದು, ಅವುಗಳ ಹಿಕ್ಕೆಯನ್ನು ಸಂಗ್ರಹಿಸಿ ದ್ರಾಕ್ಷಿಯ ತೋಟಕ್ಕೆ ಗೊಬ್ಬರ ಹಾಕುತ್ತಿದ್ದರಂತೆ.

ಈ ಸೀಮೆಯಲ್ಲಿ ಶತಮಾನಗಳಿಂದ ಬಾಳಿದ ಕ್ರೈಸ್ತ ಕುಟುಂಬಗಳು 1923ರ ಜನವಿನಿಮಯದ ಒಪ್ಪಂದದಂತೆ ಗ್ರೀಸಿಗೆ ತೆರಳಬೇಕಾಯಿತು. ಒಡೆಯರು ಹೋಗಿ ನೂರು ವರ್ಷಗಳಾದರೂ ಕೋಣೆಗಳು ನಿಂತಿವೆ. ಕಲ್ಲಿಗೆ ಆ ಸಹನೆಯುಂಟು. ನಮ್ಮೂರು ಹುದಿಕೇರಿಯ ಜಡಿಮಳೆಯಲ್ಲಿ ಮರ ಮತ್ತು ಹಂಚುಗಳಿಂದಾದ ನಮ್ಮ ಕುಲದ ಮೂಲಮನೆಯಾದ ಐನ್‌ಮನೆಗೆ ಅಂತಹ ಸಹನೆಯೆಲ್ಲಿಂದ ಬರಬೇಕು? ಅದರ ನಡುಮನೆಯಾದ ನೆಲ್ಲಕ್ಕಿಯಲ್ಲಿ ದೀಪ ಹಚ್ಚುವವರಿದ್ದರೆ ಮಾತ್ರ ಸೋರುವ ಮಾಡೂ ಗೆದ್ದಲು ಹಿಡಿದ ತೊಲೆಯೂ ಕಣ್ಣಿಗೆ ಬೀಳುತ್ತವೆ.

ಆದುದರಿಂದ ಹಿಂದಿನ ಕಾಗದದಲ್ಲಿ ತಾವು ಬರೆದಿದ್ದ ದುರಸ್ತಿಯನ್ನು ನಾನು ಊರಿಗೆ ಮರಳುವವರೆಗೆ ತಡೆಯಬೇಡಿರಿ. ಮಳೆಗಾಲಕ್ಕೆ ಮೊದಲೇ ಹಂಚು ಹೊದಿಸಿರಿ. ನನ್ನ ಪಾಲಿನ ಹಣವನ್ನು ಈ ವಾರವೇ ಕಳುಹಿಸುವೆನು. ಅವ್ವನಿಗೂ ಅತ್ತಿಗೆಯವರಿಗೂ ನನ್ನ ನಮಸ್ಕಾರಗಳನ್ನು ತಿಳಿಸಿರಿ.

ಇತಿ,
ತಮ್ಮ ವಿಧೇಯ ತಮ್ಮ