ಇಲ್ಲೊಂದು ಚೂರು ನಿಲ್ಲಿಸಿ

ಮೊರಾಕ್ಕೊದ ಫೆಸ್‌ನಿಂದ ಮರಾಕೆಶ್‌ಗೆ ರೈಲಿದೆ. ಮೆಕ್ನೆಸ್, ರಬಾತ್, ಕಾಸಾಬ್ಲಾಂಕಾಗಳನ್ನು ಸುತ್ತಿಕೊಂಡು ಏಳು ತಾಸಿನ ಆಸುಪಾಸಿನಲ್ಲಿ ಇಳಿಸುತ್ತದೆ. ಅದೇ ಸುತ್ತು ಹಿಡಿಯುವ ಟೋಲ್ ಹೆದ್ದಾರಿಯೂ ಇದೆ. ದಾರಿಯ ರುಚಿ ಹತ್ತಿದವರು ಮಾತ್ರ ಇವೆರಡನ್ನೂ ಬಿಟ್ಟು ಡ್ರೈವರ್ ಸಮೇತ ಒಂದು ಕಾರು ಗೊತ್ತುಮಾಡಿಕೊಂಡು, ಮಧ್ಯ ಅಟ್ಲಾಸ್ ಬೆಟ್ಟಗಳನ್ನು ಹತ್ತಿಳಿಯುವ ಎನ್8 ರಸ್ತೆ ಹಿಡಿಯುತ್ತಾರೆ. ಸುಮಾರು 480 ಕಿಲೋಮೀಟರ್, ಇಡೀ ಒಂದು ದಿನದ ಬಾಬತ್ತು. ಬಾಡಿಗೆಯಲ್ಲಿ ಸೀಟು, ಎಸಿ, ಡೀಸೆಲ್ ಎಲ್ಲದರ ಲೆಕ್ಕ ಇರುತ್ತದೆ. ಆದರೆ ಪ್ರಯಾಣಿಕ ನಿಜಕ್ಕೂ ಕೊಳ್ಳುವುದು ‘ಇಲ್ಲೊಂದು ಚೂರು ನಿಲ್ಲಿಸಿ’ ಎನ್ನುವ ಅಧಿಕಾರವನ್ನು.

ಕಾಸು ಎಣಿಸುವವರಿಗೆ ಗ್ರಾಂಡ್ ಟ್ಯಾಕ್ಸಿ ಎಂಬ ಸ್ಥಳೀಯ ಉಪಾಯವಿದೆ. ದಶಕಗಳ ಕಾಲ ಅದೆಂದರೆ ಹಳೇ ಮರ್ಸಿಡಿಸ್ ಕಾರು: ಮುಂದೆ ಡ್ರೈವರ್ ಪಕ್ಕ ಇಬ್ಬರು, ಹಿಂದೆ ನಾಲ್ವರು, ಆರೂ ಜನ ತುಂಬಿದರೆ ಮಾತ್ರ ಗಾಡಿ ಹೊರಡುವುದು. ಆರೂ ಸೀಟಿನ ದುಡ್ಡು ಒಬ್ಬನೇ ಕೊಟ್ಟರೆ ಕಾರು ಅವನದೇ. ಈಗೀಗ ಹೊಸ ಗಾಡಿಗಳು ಬಂದಿವೆ, ಮಂಡಿಗಳಿಗೆ ಸುಖವಾಗಿದೆ. ಆದರೂ ಈ ಟ್ಯಾಕ್ಸಿಗಳ ಜೀವ ಇರುವುದು ಮುಂದಿನ ಊರು ಬೇಗ ಮುಟ್ಟುವುದರಲ್ಲಿ. ಬೆಟ್ಟದ ತಿರುವಿನಲ್ಲಿ ನಿಲ್ಲಿಸಿ ಮೋಡ ನೋಡುತ್ತೇನೆ ಎಂದರೆ ಅವುಗಳ ಡ್ರೈವರ್‌ಗಳಿಗೆ ಅರ್ಥವಾಗುವುದು ಕಷ್ಟ.

ಹೊರಡುವುದೇ ಒಂದು ಸಡಗರ. ಫೆಸ್‌ನ ಹಳೇ ಪೇಟೆಯೊಳಗೆ ಕಾರು ಬರುವುದಿಲ್ಲ. ಎದುರಿನಿಂದ ಹೇರು ಹೊತ್ತ ಕತ್ತೆ ಬಂದರೆ ಮನುಷ್ಯ ಗೋಡೆಗೆ ಬೆನ್ನು ಒತ್ತಿ ನಿಲ್ಲಬೇಕಾದಂಥ ಗಲ್ಲಿಗಳವು. ‘ಬಾಲಕ್, ಬಾಲಕ್’ ಎಂದು ದಾರಿ ಬಿಡಿಸಿಕೊಳ್ಳುವ ತಳ್ಳುಗಾಡಿಯವನ ಹಿಂದೆ ಓಡುತ್ತ, ಸೂಟ್‌ಕೇಸಿನ ಮೇಲೊಂದು ಕಣ್ಣಿಟ್ಟುಕೊಂಡು ಹೆಬ್ಬಾಗಿಲು ಮುಟ್ಟಬೇಕು. ಅಲ್ಲಿ ಡ್ರೈವರ್ ಕಾಯುತ್ತಿರುತ್ತಾನೆ. ಗಿರಾಕಿ ಭಾರತದವನೆಂದು ತಿಳಿದರೆ ಮೊದಲ ಮಾತು ಹೆಚ್ಚಾಗಿ ಶಾರುಖ್ ಖಾನ್‌ನದು. ಹಿಂದಿ ಸಿನಿಮಾದ ಹುಚ್ಚು ಆ ನಾಡಿನಲ್ಲಿ ಹಳೆಯದು. ಎರಡನೆಯ ಮಾತು ಎಲ್ಲೆಲ್ಲಿ ನಿಲ್ಲಬೇಕು ಎಂಬುದರ ಬಗ್ಗೆ ಆಗಿಬಿಡಬೇಕು. ಡ್ರೈವರ್‌ಗೂ ತನ್ನದೇ ಆದ ನಿಲುಗಡೆಗಳು ಇರುತ್ತವಲ್ಲ: ಗೊತ್ತಿರುವ ಹೋಟೆಲು, ಗೊತ್ತಿರುವವರ ಜಮಖಾನೆ ಅಂಗಡಿ. ಒಂದನ್ನು ಒಪ್ಪಿಕೊಂಡು ಮೂರನ್ನು ಬಿಡಿಸಿಕೊಂಡರೆ ಚೌಕಾಸಿ ಗೆದ್ದಂತೆ.

ಒಂದು ಗಂಟೆಯೊಳಗೆ ಮೊರಾಕ್ಕೊದ ಬಣ್ಣವೇ ಬದಲಾಗುತ್ತದೆ. ಸಮುದ್ರಮಟ್ಟದಿಂದ 1,600 ಮೀಟರ್‌ಗೂ ಎತ್ತರದಲ್ಲಿರುವ ಇಫ್ರಾನ್, ಫ್ರೆಂಚರು 1929ರ ಹೊತ್ತಿಗೆ ತಮ್ಮ ಬೇಸಿಗೆಯ ತಂಪಿಗಾಗಿ ಕಟ್ಟಿಕೊಂಡ ಊರು. ಹಿಮ ಜಾರಿ ಬೀಳಲೆಂದು ಇಳಿಜಾರು ಹೆಂಚಿನ ಮಾಡುಗಳು. ಆಫ್ರಿಕಾದಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ, ಮೈನಸ್ 23.9 ಡಿಗ್ರಿ, 1935ರಲ್ಲಿ ಇಲ್ಲಿಯದೇ. ಎಲ್ಲರೂ ಇಳಿದು ಕಲ್ಲಿನ ಸಿಂಹದ ಪಕ್ಕ ಫೋಟೊ ತೆಗೆಸಿಕೊಳ್ಳುತ್ತಾರೆ. ಐದು ನಿಮಿಷ ಸಾಕು.

ಉಳಿಸಿದ ಸಮಯವನ್ನೆಲ್ಲ ಅಜ್ರೂ ಬಳಿಯ ಕಾಡಿಗೆ ಕೊಡಬೇಕು. ಇಲ್ಲಿನ ಅಟ್ಲಾಸ್ ಸೀಡರ್ ಮರ ನಮ್ಮ ಹಿಮಾಲಯದ ದೇವದಾರುವಿನ ದಾಯಾದಿ. ಕಾರಿನ ಬಾಗಿಲು ತೆರೆದ ಕೂಡಲೇ ಪೆನ್ಸಿಲ್ ಕೆತ್ತಿದ ವಾಸನೆ ಮೂಗಿಗೆ ಬಡಿಯುತ್ತದೆ. ಫೆಸ್‌ನ ಬೂ ಇನಾನಿಯಾ ಮದರಸಾದಲ್ಲಿ ತಲೆಯೆತ್ತಿ ನೋಡಿದ ಮರದ ಕೆತ್ತನೆ ನೆನಪಾಗುತ್ತದೆ. ಅದೂ ಸೀಡರೇ, ಫೆಸ್‌ನ ಬಡಗಿಗಳಿಗೆ ಶತಮಾನಗಳಿಂದ ಮರ ಒದಗಿಸಿದ್ದು ಈ ಬೆಟ್ಟಗಳು. ಕೊಂಬೆಗಳಲ್ಲಿ, ದಾರಿಬದಿಯಲ್ಲಿ ಬಾಲವಿಲ್ಲದ ಬಾರ್ಬರಿ ಕೋತಿಗಳು. ನಮ್ಮೂರ ದೇವಸ್ಥಾನದ ಮಂಗವೂ ಶರಾವತಿ ಕಣಿವೆಯ ಸಿಂಗಳೀಕವೂ ಇದೇ ಕುಲದವು. ಆ ಕುಲದಲ್ಲಿ ಏಷ್ಯಾದ ಹೊರಗೆ ಸಹಜವಾಗಿ ಕಾಡಿನಲ್ಲಿ ಬಾಳುತ್ತಿರುವುದು ಇದೊಂದೇ. ಗಂಡು ಕೋತಿ ಮರಿಯನ್ನು ಎತ್ತಿಕೊಂಡು ಓಡಾಡುವುದು ಇವುಗಳ ವಿಶೇಷ. ಪಕ್ಕದಲ್ಲೇ ಕಡಲೆಕಾಯಿ ಮಾರುವವರೂ ಇರುತ್ತಾರೆ. ಕೊಳ್ಳದಿರುವುದು ಲೇಸು. ಅಳಿವಿನ ಅಂಚಿನಲ್ಲಿರುವ ಪ್ರಾಣಿಗೆ ರಸ್ತೆಬದಿಯ ಭಿಕ್ಷೆ ಕಲಿಸುವುದು ಯಾವ ಪುಣ್ಯದ ಕೆಲಸವೂ ಅಲ್ಲ.

ಇದೇ ಅಟ್ಲಾಸನ್ನು ಕಾರಿಲ್ಲದೆ, ಕೊರೆಯುವ ಚಳಿಯಲ್ಲಿ ದಾಟಿದ ಒಬ್ಬನಿಗೆ ಕನ್ನಡ ಕರಾವಳಿಯ ಪರಿಚಯವೂ ಇತ್ತು. ಟ್ಯಾಂಜಿಯರ್‌ನಲ್ಲಿ 1304ರಲ್ಲಿ ಹುಟ್ಟಿದ ಇಬ್ನ್ ಬತೂತ ಹೊನ್ನಾವರವನ್ನು ಕಂಡಿದ್ದ. ಅಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಇದ್ದವೆಂದು ಎಣಿಸಿ ಹೇಳಿದವನು. ಸಹಾರಾದ ಆಚೆಯ ನಾಡುಗಳನ್ನು ನೋಡಿ 1353ರ ಕೊನೆಗೆ ಸಿಜಿಲ್ಮಾಸಾದಿಂದ ಫೆಸ್‌ಗೆ ಹೊರಟಾಗ ಹಿಮಕ್ಕೆ ಸಿಕ್ಕಿಕೊಂಡ. ಬುಖಾರಾ, ಸಮರ್ಖಂಡ್, ಖೊರಾಸಾನ್‌ಗಳ ಹಿಮ ತುಳಿದಿದ್ದ ಆತನೇ ಇಷ್ಟು ಕಠಿಣವಾದ ದಾರಿಯನ್ನು ಬೇರೆಲ್ಲೂ ಕಂಡಿಲ್ಲವೆಂದ. ಫೆಸ್ ಸೇರಿದ ಮೇಲೆ ಸುಲ್ತಾನ ಅಬೂ ಇನಾನ್‌ನ ಆಜ್ಞೆಯಂತೆ ತನ್ನ ಪ್ರವಾಸವನ್ನೆಲ್ಲ ಹೇಳಿ ಬರೆಸಿದ. 1355ರಲ್ಲಿ ಅದು ಮುಗಿಯಿತು. ಆ ಸೀಡರ್ ಕೆತ್ತನೆಯ ಮದರಸಾ ಕಟ್ಟಿಸಿದವನೂ ಇದೇ ಸುಲ್ತಾನ.

ಕಾಡು ಮುಗಿದ ಮೇಲೆ ಚಹಾ. ಇದಕ್ಕೆ ಆತುರ ಕೂಡದು. ಮೆಣಸಿನ ಕಾಳಿನಂತೆ ಸುರುಟಿದ ಚೀನಾದ ಹಸಿರು ಚಹಾವನ್ನು ಕುದಿನೀರಿನಲ್ಲಿ ಒಮ್ಮೆ ತೊಳೆದು, ಆಮೇಲೆ ಹಿಡಿಗಟ್ಟಲೆ ಪುದೀನ ತುರುಕಿ, ಶಂಕುವಿನ ಆಕಾರದ ಸಕ್ಕರೆ ಗಟ್ಟಿಯಿಂದ ಒಡೆದ ದೊಡ್ಡ ತುಂಡನ್ನು ಹಾಕುತ್ತಾರೆ. ಮೊದಲ ಲೋಟವನ್ನು ಯಾರೂ ಕುಡಿಯುವುದಿಲ್ಲ. ಅದನ್ನು ತಿರುಗಿ ಕೆಟಲಿಗೇ ಸುರಿಯುತ್ತಾರೆ, ಸಕ್ಕರೆ ಬೆರೆಯಲಿ ಎಂದು. ಬಳಿಕ ತೋಳು ಎತ್ತಿದಷ್ಟು ಎತ್ತರದಿಂದ ಧಾರೆ, ಲೋಟದ ಮೇಲೆ ನೊರೆ. ಮಾಂಸ ತಿನ್ನುವವರು ರಸ್ತೆಬದಿಯ ಕಸಾಯಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಕೊಂಡು ಪಕ್ಕದ ಕೆಂಡದಲ್ಲಿ ಸುಡಿಸಿಕೊಳ್ಳಬಹುದು. ಸಸ್ಯಾಹಾರಿಗಳಿಗೆ ರೊಟ್ಟಿ, ಆಲಿವ್, ಬದನೆಕಾಯಿಯ ಜಾಲೂಕ್. ಅದೃಷ್ಟವಿದ್ದರೆ ಒಣ ಬೀನ್ಸ್ ಕಾಳು ಅರೆದು ಜೀರಿಗೆ ಪುಡಿ, ಆಲಿವ್ ಎಣ್ಣೆ ಹಾಕಿದ ಬಿಸ್ಸಾರಾ.

ಮುಂದೆ ಖೆನಿಫ್ರಾ, ಕಸ್ಬಾ ತಾದ್ಲಾ. ಬೆಟ್ಟ ಕರಗಿ ಬಯಲಾಗುತ್ತದೆ. ಊರ ಬಾಗಿಲಲ್ಲೆಲ್ಲ ಜೆಂಡಾರ್ಮ್ ಪೊಲೀಸರ ತಪಾಸಣೆ. ಅವರು ಕೈಬೀಸುವವರೆಗೆ ಕಾರು ಕದಲುವಂತಿಲ್ಲ. ಅಲ್ಲಿ ಮಾತ್ರ ನಿಲ್ಲಿಸುವ ಅಧಿಕಾರ ಬೇರೆಯವರದು. ಬೆನಿ ಮೆಲ್ಲಾಲ್ ಸುತ್ತ ಕಿತ್ತಳೆ, ಆಲಿವ್ ತೋಟಗಳು. ಈ ಬಯಲಿಗೆ ನೀರು ಕೊಡುವುದು 1953ರಲ್ಲಿ ಮುಗಿದ ಬಿನ್ ಎಲ್ ಊಇದಾನ್ ಅಣೆಕಟ್ಟು. ಇಲ್ಲಿ ಡ್ರೈವರ್‌ಗಳು ಒಂದು ಆಸೆ ತೋರಿಸುತ್ತಾರೆ: 110 ಮೀಟರ್ ಎತ್ತರದಿಂದ ಧುಮುಕುವ ಊಜೂದ್ ಜಲಪಾತಕ್ಕೆ ಹೊರಳೋಣವೇ? ಜಲಪಾತ ಸೊಗಸಾದದ್ದೇ. ಆದರೆ ಅದನ್ನೂ ಒಂದೇ ದಿನಕ್ಕೆ ತುರುಕಿದರೆ ಮೆಟ್ಟಿಲಿಳಿದು ಹತ್ತುವುದರಲ್ಲೇ ಸಂಜೆಯಾಗಿ, ಮರಾಕೆಶ್‌ನ ಕೆಂಪು ಕೋಟೆಗೋಡೆ ಕತ್ತಲಲ್ಲಿ ಸಿಗುತ್ತದೆ. ಬೆನಿ ಮೆಲ್ಲಾಲ್‌ನಲ್ಲಿ ರಾತ್ರಿ ತಂಗುವವರು ಹೋಗಲಿ. ಮಿಕ್ಕವರು 77 ಮೀಟರ್‌ನ ಕುತುಬಿಯಾ ಮಿನಾರು ಬೆಳಕಿನಲ್ಲೇ ಕಾಣುವಂತೆ ನೆಟ್ಟಗೆ ಹೋಗುವುದು ಒಳ್ಳೆಯದು.

ಇನ್ನು ದಿಕ್ಕಿನ ಜಗಳ. ಫೆಸ್‌ನಿಂದ ಹೊರಟರೆ ಮಧ್ಯಾಹ್ನದ ಬಿಸಿಲು ಮುಂದಿನ ಗಾಜಿಗೆ ರಾಚುತ್ತದೆ; ಬೇಸಿಗೆಯಲ್ಲಿ ತಾದ್ಲಾ ಬಯಲು ಸಿಗುವುದೂ ಕುದಿಯುವ ಹೊತ್ತಿಗೇ. ಹಾಗಾಗಿ ಬೇಸಿಗೆಯಲ್ಲಿ ಮರಾಕೆಶ್‌ನಿಂದ ನಸುಕಿಗೆ ಹೊರಟು, ಬಯಲನ್ನು ತಂಪಿನಲ್ಲೇ ದಾಟಿ, ಇಳಿಹೊತ್ತನ್ನು ಸೀಡರ್ ನೆರಳಿಗೆ ಇಟ್ಟುಕೊಳ್ಳಬೇಕು. ಚಳಿಗಾಲದಲ್ಲಿ ಇದು ತಿರುವುಮುರುವು: ಬೇಗ ಕತ್ತಲಾಗುತ್ತದೆ, ಬೆಟ್ಟದ ರಸ್ತೆಯಲ್ಲಿ ಹಿಮವಿರುತ್ತದೆ, ಫೆಸ್‌ನಿಂದಲೇ ಹೊರಡಬೇಕು. ಡ್ರೈವರ್‌ನನ್ನು ಕೇಳಿದರೆ ಎರಡಕ್ಕೂ ತಲೆಯಾಡಿಸುತ್ತಾನೆ. ಹೋಗಿಬರುವ ಎರಡೂ ಕಡೆಯ ದುಡ್ಡು ಬಾಡಿಗೆಯಲ್ಲೇ ಸೇರಿದೆ. ಮರುದಿನ ಖಾಲಿ ಕಾರನ್ನು ಟೋಲ್ ಹೆದ್ದಾರಿಗೆ ಹಾಕಿ ಎಲ್ಲೂ ನಿಲ್ಲಿಸದೆ ಊರು ಸೇರಿಕೊಳ್ಳುವವನು ಅವನು.